ಸೊನ್ನೆಯಲ್ಲೇ ಶುರುವಾದ ಅಲೆ

ಮೈಸೂರಿನಲ್ಲಿ ಆಡಿಯಾಲಜಿ, ಅಂದರೆ ಕಿವಿ ಕೇಳುವಿಕೆಯ ಶಾಸ್ತ್ರ, ಓದುವಾಗಿನ ಮಾತು. ಕಿವಿಗೆ ಮಾತಿನ ಸದ್ದು ಕೇಳಿಸಿ, ಬ್ರೈನ್‌ಸ್ಟೆಮ್ (ಮೆದುಳಿನ ಬುಡದ ಕಾಂಡ) ಅದಕ್ಕೆ ಹೇಗೆ ಸ್ಪಂದಿಸುತ್ತದೆ ಎಂದು ನೆತ್ತಿಯ ಮೇಲಿಂದ ಅಳೆಯಬೇಕಿತ್ತು. ಈ ಸ್ಪಂದನ ಅಳೆಯುವ ಮಾಮೂಲಿ ಟೆಸ್ಟ್ ಎಬಿಆರ್‌ಗೆ 'ಟಿಕ್' ಅನ್ನೋ ಕ್ಲಿಕ್ ಸಾಕು. ನಾನು ಬಳಸಿದ್ದು ಕಂಪ್ಯೂಟರಿನಲ್ಲಿ ತಯಾರಿಸಿದ, ಬರೀ 40 ಮಿಲಿಸೆಕೆಂಡಿನ 'ಡ'. ಇಂಗ್ಲಿಷಿನವರ ಡ ಅದು. ನಮ್ಮ ಕಿವಿಗೆ ಅತ್ತ ದ-ನೂ ಅಲ್ಲ, ಇತ್ತ ಡ-ನೂ ಅಲ್ಲ.

ಮೊದಲು ಸಿಕ್ಕಿದ್ದು ಹಾಸ್ಟೆಲ್ಲಿನ ಜೂನಿಯರ್. ತಲೆಗೆ ಎಣ್ಣೆ ಹಾಕ್ಕೋಬೇಡ ಅಂದಿದ್ದೆ, ಹಾಕಿಕೊಂಡೇ ಬಂದಳು. ನೆತ್ತಿ, ಹಣೆ, ಕಿವಿಯ ಹಾಲೆ ಮೂರನ್ನೂ ಜೆಲ್ ಹಚ್ಚಿ ಉಜ್ಜಿ ಎಲೆಕ್ಟ್ರೋಡ್ ಅಂಟಿಸಿದೆ. ಇಂಪೀಡೆನ್ಸ್ (ಚರ್ಮಕ್ಕೂ ಎಲೆಕ್ಟ್ರೋಡಿಗೂ ನಡುವಿನ ವಿದ್ಯುತ್ ತಡೆ) 5 ಕಿಲೋ ಓಮ್‌ಗಿಂತ ಕೆಳಗೆ ಬರುವಷ್ಟರಲ್ಲಿ ಸಾಕುಸಾಕಾಯಿತು.

"ಅಕ್ಕಾ, ನಿದ್ದೆ ಬಂದ್ರೆ?"

"ಮಾಡು, ಒಳ್ಳೇದೇ."

ನಿಜಕ್ಕೂ ಒಳ್ಳೆಯದೇ. ಕತ್ತು ಬಿಗಿ ಹಿಡಿದರೆ ಸ್ನಾಯುಗಳ ಗಲಾಟೆಯೇ ಜಾಸ್ತಿ. ನಮಗೆ ಬೇಕಾದ ಸಿಗ್ನಲ್ ಒಂದು ಮೈಕ್ರೋವೋಲ್ಟ್ ಕೂಡ ಇರುವುದಿಲ್ಲ. ಅದಕ್ಕೇ ಸೆಕೆಂಡಿಗೆ 10.9ರಂತೆ 6000 ಸಲ 'ಡ' ಕೇಳಿಸಿ ಸರಾಸರಿ ತೆಗೆಯಬೇಕು. ಒಂಬತ್ತು ನಿಮಿಷಕ್ಕೂ ಸ್ವಲ್ಪ ಜಾಸ್ತಿ.

ಅಲೆ ಬಂತು. ಎಷ್ಟು ಚೆಂದ ಅಂದರೆ, ಕೇಳಿಸಿದ ಸದ್ದಿನ ಚಿತ್ರವನ್ನೇ ಅಚ್ಚು ಹಾಕಿದ ಹಾಗೆ. ಎರಡು ದಿನ ಎಲ್ಲರಿಗೂ ತೋರಿಸಿಕೊಂಡು ಓಡಾಡಿದೆ. ಗೈಡ್ ಮೇಡಂ ನೋಡಿ ಒಂದೇ ಪ್ರಶ್ನೆ ಕೇಳಿದರು: "ಟ್ಯೂಬ್ ಮಡಚಿ ನೋಡಿದ್ಯಾ?"

ಡಬ್ಬಿಯಿಂದ ಸದ್ದನ್ನು ಕಿವಿಯೊಳಕ್ಕೆ ಒಯ್ಯುವ ಇನ್ಸರ್ಟ್ ಇಯರ್‌ಫೋನಿನ ಟ್ಯೂಬನ್ನು ಮಡಚಿ ಬಟ್ಟೆ ಕ್ಲಿಪ್ ಹಾಕಿದೆ. ಕಿವಿಗೆ ಏನೂ ಕೇಳಿಸುತ್ತಿಲ್ಲ. ಅಲೆ ಮಾತ್ರ ಹಾಗೇ ಇದೆ! ಅದು ಮೆದುಳಿನದ್ದೇ ಅಲ್ಲ. ಸದ್ದು ಹೊರಡಿಸುವ ಡಬ್ಬಿಯಿಂದ ಎಲೆಕ್ಟ್ರೋಡ್ ವೈರಿಗೆ ನೇರವಾಗಿ ಹಾರಿದ ಕರೆಂಟಿನ ನೆರಳು. ಸೊನ್ನೆ ಮಿಲಿಸೆಕೆಂಡಿಗೇ ಶುರುವಾಗಿತ್ತಲ್ಲ, ಅಲ್ಲೇ ಗೊತ್ತಾಗಬೇಕಿತ್ತು. ಸದ್ದು ಟ್ಯೂಬ್ ದಾಟಲಿಕ್ಕೇ ಹತ್ತಿರಹತ್ತಿರ ಒಂದು ಮಿಲಿಸೆಕೆಂಡ್ ಬೇಕು. ಬ್ರೈನ್‌ಸ್ಟೆಮ್ಮಿನ ಮುಖ್ಯ ಅಲೆಯಾದ ಐದನೆಯದು ಬರುವುದು ಆರು ಮಿಲಿಸೆಕೆಂಡ್ ದಾಟಿದ ಮೇಲೆ.

ಡಬ್ಬಿಯನ್ನು ತಲೆಯಿಂದ ದೂರ ಸರಿಸಿದೆ. ವೈರುಗಳನ್ನು ಜಡೆ ಹೆಣೆದೆ. ನನ್ನ ದೊಡ್ಡ ತಪ್ಪು ಪೊಲಾರಿಟಿಯದ್ದು (ಸದ್ದಿನ ಅಲೆ ನೇರವೋ ತಲೆಕೆಳಗೋ ಅನ್ನೋದು), ಒಂದೇ ಪೊಲಾರಿಟಿ ಇಟ್ಟುಬಿಟ್ಟಿದ್ದೆ. ಒಂದು ಸಲ ನೇರ, ಒಂದು ಸಲ ತಲೆಕೆಳಗು ಮಾಡಿ ಸದ್ದು ಕೊಟ್ಟು ಎರಡನ್ನೂ ಕೂಡಿದರೆ ಈ ಕಳ್ಳ ಅಲೆ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ದನಿಯ ಏರಿಳಿತವನ್ನು ಹಿಂಬಾಲಿಸುವ ನರಗಳ ಸ್ಪಂದನ ಉಳಿಯುತ್ತದೆ.

ಈ ಸಲ ಬಂದ ಅಲೆ ಸಣ್ಣದು, ಒರಟು. ಆದರೆ ಡಿ, ಇ, ಎಫ್ ಅನ್ನೋ ಮೂರು ತಗ್ಗುಗಳು ಸುಮಾರು 22, 31, 39 ಮಿಲಿಸೆಕೆಂಡಿನಲ್ಲಿ ಕೂತಿದ್ದವು. 'ಡ'ದ ಪಿಚ್ 103ರಿಂದ 125 ಹರ್ಟ್ಸ್‌ಗೆ ಏರುತ್ತದೆ. ಪಿಚ್ ಏರಿದಷ್ಟೂ ಕಂಪನಗಳು ಹತ್ತಿರಹತ್ತಿರ ಬರುತ್ತವೆ. ತಗ್ಗುಗಳ ನಡುವಿನ ಅಂತರವೂ ಹಾಗೇ ಕಿರಿದಾಗಿತ್ತು. ದನಿ ಏರಿದ್ದನ್ನು ನಿದ್ದೆಯಲ್ಲಿದ್ದ ಹುಡುಗಿಯ ಬ್ರೈನ್‌ಸ್ಟೆಮ್ ಎಣಿಸಿಕೊಂಡಿತ್ತು.

ಈಗಲೂ ಪ್ರತಿ ಟೆಸ್ಟಿನ ಕೊನೆಗೆ ಟ್ಯೂಬ್ ಮಡಚಿ ಇನ್ನೊಂದು ರೆಕಾರ್ಡಿಂಗ್ ಮಾಡುತ್ತೇನೆ. ಗೆರೆ ಚಪ್ಪಟೆ ಬಂದರೇ ಸಮಾಧಾನ. ಆ ಕ್ಲಿಪ್ ನನ್ನ ಡ್ರಾಯರಿನಲ್ಲೇ ಇದೆ.