ಚುಕ್ಕಿಯ ಬಲಗಡೆ ಏನಿರಬೇಕು?

ಚಿಕ್ಕಮಗಳೂರಿನ ಕಾಫಿ ಬೆಳೆಗಾರರೊಬ್ಬರು ತೋಟದ ಪುಡಿಯನ್ನು ನೇರವಾಗಿ ಗ್ರಾಹಕರಿಗೆ ಮಾರಲು ಹೊರಟಿದ್ದಾರೆ ಎಂದುಕೊಳ್ಳಿ. ಅದಕ್ಕೊಂದು ಜಾಲತಾಣದ ವಿಳಾಸ ಬೇಕು, ಆದರೆ ತೋಟದ ಹೆಸರಿನ ಡಾಟ್ ಕಾಮ್ ಅನ್ನು ಯಾರೋ ಎಂದೋ ಕೊಂಡಿಟ್ಟಿದ್ದಾರೆ. ಅಂಕಿಯನ್ನೋ ಅಡ್ಡಗೆರೆಯನ್ನೋ ಸೇರಿಸಿ ಹಿರಿಯರಿಟ್ಟ ಹೆಸರನ್ನು ಕೆಡಿಸಬೇಕಾಗಿಲ್ಲ. ಚುಕ್ಕಿಯ ಬಲಗಡೆಯನ್ನೇ ಬದಲಿಸಬಹುದು: ಡಾಟ್ ಕಾಫಿ ಇದೆ, ಡಾಟ್ ಫಾರ್ಮ್ ಇದೆ, ಡಾಟ್ ಶಾಪ್ ಇದೆ. ಡೊಮೈನ್ ಹೆಸರುಗಳ, ಅಂದರೆ ಇಂಥ ವಿಳಾಸಗಳ, ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ 2012ರಲ್ಲಿ ಹೊಸ ವಿಸ್ತರಣೆಗಳಿಗೆ (ಚುಕ್ಕಿಯ ಬಲಗಡೆಯ ಪದಗಳಿಗೆ) ಅರ್ಜಿ ಕರೆದಾಗ 1,930 ಅರ್ಜಿಗಳು ಬಂದವು. ಅದರ ಫಲ ಇದು.

ಮೊದಲು ಹೆಸರನ್ನು ಬಾಯಿಬಿಟ್ಟು ಹೇಳಿ ನೋಡಿ. ಫೋನಿನಲ್ಲಿ ಸ್ನೇಹಿತರೊಬ್ಬರಿಗೆ ವಿಳಾಸ ಹೇಳಿ, ಬರೆದುಕೊಳ್ಳಲು ತಿಳಿಸಿ. 'ಡಾಟ್ ಕಾಫಿ' ಎಂದ ಮೇಲೆ ಅವರು 'ಆಮೇಲೆ ಡಾಟ್ ಕಾಮ್ ತಾನೇ?' ಎಂದು ಕೇಳಿದರೆ ಗ್ರಾಹಕರೂ ಹಾಗೆಯೇ ಕೇಳುತ್ತಾರೆ. ಅದಕ್ಕಾಗಿ ಅದೇ ಹೆಸರಿನ ಡಾಟ್ ಇನ್ ಸಿಕ್ಕರೆ ಅದನ್ನೂ ಕೊಂಡು, ಒಂದನ್ನು ತೆರೆದರೆ ಇನ್ನೊಂದಕ್ಕೆ ಹೋಗುವಂತೆ ಮಾಡಿಸಿಕೊಳ್ಳಿ.

ಇನ್ನು ಬೆಲೆ. ಇಲ್ಲಿಯೇ ಹೆಚ್ಚು ಜನ ಎಡವುವುದು. ದೊಡ್ಡ ಅಕ್ಷರದಲ್ಲಿ ಕಾಣುವುದು ಮೊದಲ ವರ್ಷದ ರಿಯಾಯಿತಿ ದರ. ಎರಡನೇ ವರ್ಷದಿಂದ ಕಟ್ಟಬೇಕಾದ ನವೀಕರಣ ಶುಲ್ಕ ಅದರ ಹಲವು ಪಟ್ಟು ಇರಬಹುದು. ಹಣ ಕಟ್ಟುವ ಮೊದಲು ಆ ಶುಲ್ಕವನ್ನು ಹುಡುಕಿ ಬರೆದಿಟ್ಟುಕೊಳ್ಳಿ, ಐದು ವರ್ಷದ ಲೆಕ್ಕ ಹಾಕಿ. ತೀರಾ ಅಗ್ಗದ ಕೆಲವು ವಿಸ್ತರಣೆಗಳನ್ನು ವಂಚಕರು ರಾಶಿಗಟ್ಟಲೆ ಕೊಳ್ಳುವುದರಿಂದ, ಅವುಗಳಿಂದ ಹೋಗುವ ಪ್ರಾಮಾಣಿಕ ಇಮೇಲ್ ಕೂಡ ಸ್ಪ್ಯಾಮ್ ಪೆಟ್ಟಿಗೆಗೆ ಬೀಳಬಹುದು.

ನೋಂದಣಿ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್ ಮತ್ತು ಮೊಬೈಲ್ ಸಂಖ್ಯೆಯಲ್ಲೇ ಆಗಲಿ. ಜಾಲತಾಣ ಮಾಡಿಕೊಡುವ ಹುಡುಗನ ಖಾತೆಯಲ್ಲಿ ಬೇಡ. ಅವನು ಒಳ್ಳೆಯವನೇ ಇರಬಹುದು. ನಾಳೆ ಊರು ಬಿಟ್ಟರೆ ನಿಮ್ಮ ಅಂಗಡಿಯ ಬೀಗದ ಕೈ ಅವನ ಜೇಬಿನಲ್ಲಿರುತ್ತದೆ.

ಡಾಟ್ ಆ್ಯಪ್ ವಿಸ್ತರಣೆಯನ್ನು ಕೊಂಡರೆ ಸುರಕ್ಷತಾ ಪ್ರಮಾಣಪತ್ರ (ತಾಣಕ್ಕೂ ಗ್ರಾಹಕರಿಗೂ ನಡುವಿನ ಮಾಹಿತಿಯನ್ನು ಗುಟ್ಟಾಗಿಡಲು ಬೇಕಾದದ್ದು) ಕಡ್ಡಾಯ, ಅದಿಲ್ಲದೆ ಬ್ರೌಸರ್‌ಗಳು ತಾಣವನ್ನು ತೆರೆಯುವುದಿಲ್ಲ. ಪ್ರಮಾಣಪತ್ರ ಉಚಿತವಾಗಿಯೂ ಸಿಗುತ್ತದೆ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಡಾಟ್ ಭಾರತ. ಚುಕ್ಕಿಯ ಎಡಕ್ಕೂ ಬಲಕ್ಕೂ ಕನ್ನಡ ಲಿಪಿಯೇ ಇರುವ ವಿಳಾಸ! ಇದರ ಉಸ್ತುವಾರಿ, ಡಾಟ್ ಇನ್ ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯದೇ. ಇಂಗ್ಲಿಷ್ ಓದಲು ಬಾರದ ಅಜ್ಜಿಯೂ ಪೊಟ್ಟಣದ ಮೇಲಿನ ವಿಳಾಸವನ್ನು ಓದಿ, ಮೊಬೈಲಿನ ಕನ್ನಡ ಕೀಲಿಮಣೆಯಲ್ಲಿ ಟೈಪ್ ಮಾಡಬಹುದು. ಆದರೆ ಇದನ್ನು ಬ್ರೌಸರ್‌ನಿಂದ ನಕಲಿಸಿ ಸಂದೇಶದಲ್ಲಿ ಅಂಟಿಸಿದರೆ ಕೆಲವೊಮ್ಮೆ ಎಕ್ಸ್, ಎನ್, ಎರಡು ಅಡ್ಡಗೆರೆ, ಆಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಗಾಬರಿ ಬೇಡ, ಅದು ಯಂತ್ರಗಳಿಗಾಗಿ ಇರುವ ಅದೇ ವಿಳಾಸದ ಇನ್ನೊಂದು ರೂಪ. ಪೊಟ್ಟಣ ಮತ್ತು ಫಲಕಕ್ಕೆ ಕನ್ನಡ ವಿಳಾಸ, ಇಮೇಲಿಗೆ ಡಾಟ್ ಇನ್ ಎಂದು ಹಂಚಿಕೊಂಡರೆ ಸಲೀಸು.

ಕೊನೆಯ ಕೆಲಸ ಪೊಟ್ಟಣ ಅಚ್ಚಿಗೆ ಹೋಗುವ ಮೊದಲಿನದು. ಇಮೇಲಿಗೂ ಡಾಟ್ ಕಾಫಿಯಂಥ ಹೊಸ ವಿಸ್ತರಣೆಯನ್ನೇ ಬಳಸುವುದಾದರೆ, ಆ ವಿಳಾಸವನ್ನು ನೀವು ದಿನವೂ ಬಳಸುವ ನಾಲ್ಕೈದು ಆನ್‌ಲೈನ್ ಅರ್ಜಿ ನಮೂನೆಗಳಲ್ಲಿ ತುಂಬಿ ನೋಡಿ. ಹಳೆಯ ತಂತ್ರಾಂಶಗಳು ಉದ್ದನೆಯ ಹೊಸ ವಿಸ್ತರಣೆಯನ್ನು 'ತಪ್ಪು ವಿಳಾಸ' ಎಂದು ತಿರಸ್ಕರಿಸುವುದುಂಟು. ಬ್ಯಾಂಕಿನ ಅಥವಾ ಕೊರಿಯರ್‌ನವರ ನಮೂನೆಯಲ್ಲಿ ಹಾಗಾದರೆ, ಅಲ್ಲಿಗೆ ಡಾಟ್ ಇನ್ ವಿಳಾಸವನ್ನೇ ಕೊಟ್ಟು, ನವೀಕರಣದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, ಆಮೇಲೆ ಅಚ್ಚಿಗೆ ಕೊಡಿ.