ಪೇಟೆ ಬೀದಿಯ ಫೋಟೊ: ಗೋಡೆಗೊಂದು ಹೊತ್ತು, ಜನಕ್ಕೊಂದು ಹೊತ್ತು

ಬೆಂಗಳೂರಿನ ಹಳೇ ಪೇಟೆಗೆ ಕ್ಯಾಮೆರಾ ತಗೊಂಡು ಹೋಗುವಾಗ ನಾನು ಮೊದಲು ಲೆಕ್ಕ ಹಾಕುವುದು ದಿಕ್ಕು. ಅವೆನ್ಯೂ ರಸ್ತೆ, ಅಂದರೆ ಹಿಂದಿನ ದೊಡ್ಡಪೇಟೆ, ಉತ್ತರ-ದಕ್ಷಿಣ. ಅದಕ್ಕೆ ಅಡ್ಡ ಹಾಯುವ ಚಿಕ್ಕಪೇಟೆ ಪೂರ್ವ-ಪಶ್ಚಿಮ. ಎರಡರ ಬಿಸಿಲೂ ಬೇರೆ ಬೇರೆ.

ಅವೆನ್ಯೂ ರಸ್ತೆಯಲ್ಲಿ ಬೆಳಗಿನ ಬಿಸಿಲು ಪಶ್ಚಿಮ ಬದಿಯ ಕಟ್ಟಡಗಳ ನೆತ್ತಿಗೆ ಮೊದಲು ತಾಗಿ ಮೆಲ್ಲಗೆ ಕೆಳಗಿಳಿಯುತ್ತದೆ. ಎದುರು ಕಟ್ಟಡ 10 ಮೀಟರ್ ಎತ್ತರ, ರಸ್ತೆ 8 ಮೀಟರ್ ಅಗಲ ಅಂತಿಟ್ಟುಕೊಂಡರೆ ಸೂರ್ಯ 51 ಡಿಗ್ರಿ ಏರಿದ ಮೇಲೇ ಅಂಗಡಿ ಹೊಸ್ತಿಲಿಗೆ ಬಿಸಿಲು. ಏಪ್ರಿಲ್‌ನಲ್ಲಿ ಅಷ್ಟು ಹೊತ್ತಿಗೆ ಸುಮಾರು ಒಂಬತ್ತೂಮುಕ್ಕಾಲು. ಮೇಲಿನ ಮಹಡಿ ಸಾಕೆಂದರೆ 8ರಿಂದ 9ರೊಳಗೆ ಕೆಲಸ ಮುಗಿಸಬಹುದು.

ಚಿಕ್ಕಪೇಟೆಯ ದಕ್ಷಿಣ ಬದಿಯ ಕಟ್ಟಡಗಳು ಉತ್ತರಕ್ಕೆ ಮುಖ ಮಾಡಿವೆ. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಆ ಎರಡು ದಿನಗಳ ನಡುವೆ ಮಾತ್ರ ನಡುಮಧ್ಯಾಹ್ನ ಉತ್ತರಕ್ಕೆ ತುಸು ವಾಲಿ ಈ ಗೋಡೆಗಳನ್ನು ಸವರುತ್ತಾನೆ. ಹೀಗೆ ಗೋಡೆಗುಂಟ ಜಾರುವ ಬಿಸಿಲಿಗೆ ಗಾರೆಯ ಹೂಬಳ್ಳಿ, ಮರದ ಕಂಬದ ತಲೆಯ ಬೋದಿಗೆ, ಬಾಲ್ಕನಿಯ ಕಟಾಂಜನ ಎಲ್ಲಾ ಎದ್ದು ನಿಲ್ಲುತ್ತವೆ. ಮಟಮಟ ಮಧ್ಯಾಹ್ನ ಫೋಟೊಗೆ ಕೆಟ್ಟದ್ದು ಅನ್ನುವ ಪಾಠವನ್ನು ಇಲ್ಲಿ ಮರೆಯಬೇಕು. ಜೂನ್ ಬಂತೆಂದರೆ ಮೋಡ, ಹಾಗಾಗಿ ಗಟ್ಟಿಯಾಗಿ ಕೈಗೆ ಸಿಗುವುದು ಮೇ ತಿಂಗಳು. ಷಟರ್ ಮುಚ್ಚಿದ ಅಂಗಡಿ ಹೆಚ್ಚಿರುವ ಭಾನುವಾರವಾದರೆ ಇನ್ನೂ ಒಳ್ಳೆಯದು.

ಕಟ್ಟಡವನ್ನೂ ಜನರನ್ನೂ ಒಂದೇ ಸುತ್ತಿನಲ್ಲಿ ಹಿಡಿಯುವ ಆಸೆ ನಾನಂತೂ ಬಿಟ್ಟಿದ್ದೇನೆ. ವ್ಯಾಪಾರ ಶುರುವಾದರೆ ಸೀರೆ ಉಡಿಸಿದ ಗೊಂಬೆ, ಬೋರ್ಡು, ನಿಲ್ಲಿಸಿದ ಸ್ಕೂಟರು ಸೇರಿ ಕೆಳಗಿನ ಅಂತಸ್ತೇ ಕಾಣದು. ಗೋಡೆಗೆ ಷಟರ್ ಏಳುವ ಮುಂಚೆ, ಜನಕ್ಕೆ 11ರ ಮೇಲೆ ಮತ್ತೆ ಅದೇ ಜಾಗಕ್ಕೆ.

ಬೀದಿ ಕಿರಿದು, ಹಿಂದೆ ಸರಿಯಲು ಜಾಗವಿಲ್ಲ. ಕ್ಯಾಮೆರಾ ಮೇಲೆತ್ತಿದರೆ ಕಟ್ಟಡ ಹಿಂದಕ್ಕೆ ಬಿದ್ದಂತೆ ಕಾಣುತ್ತದೆ. ಸ್ಕ್ರೀನಿನಲ್ಲಿ ಗ್ರಿಡ್ ಗೆರೆ ಹಾಕಿ, ಕ್ಯಾಮೆರಾ ನೇರ ಹಿಡಿದು, ಕೆಳಗೆ ಬರುವ ರಸ್ತೆಯನ್ನು ಆಮೇಲೆ ಕತ್ತರಿಸುತ್ತೇನೆ. ಎತ್ತಲೇಬೇಕಾದರೆ ಅಕ್ಕಪಕ್ಕ ಕಾಲು ಭಾಗ ಜಾಸ್ತಿ ಬಿಡಬೇಕು, ಆಮೇಲೆ ಎಡಿಟಿಂಗ್‌ನಲ್ಲಿ ವಾಲಿದ ಗೆರೆ ನೆಟ್ಟಗೆ ಮಾಡುವಾಗ ಅಂಚು ಹೋಗುತ್ತದೆ. ತಿದ್ದಿದ ಮೇಲೆ ಮೇಲ್ಮಹಡಿಯ ಕಿಟಕಿ ಅಸಹಜವಾಗಿ ಉದ್ದ ಕಂಡರೆ ತಿದ್ದಿದ್ದು ಹೆಚ್ಚಾಯಿತು. ಮೊಬೈಲಿನಲ್ಲಾದರೆ 0.5 ಅನ್ನುವ ಅತಿ ಅಗಲದ ಲೆನ್ಸ್ ಬೇಡ, ಅಂಚಿನಲ್ಲಿ ನಿಂತವರ ತಲೆ ಎಳೆದಂತಾಗುತ್ತದೆ.

ಕೇಬಲ್ಲುಗಳ ಜೋಲಾಟ ಹೆಚ್ಚಾಗಿ ಮೊದಲ ಮಹಡಿಯ ಮಟ್ಟದಲ್ಲಿ. ಎದುರು ಕಟ್ಟಡದ ಎರಡನೇ ಮಹಡಿಗೆ ಹತ್ತಿದರೆ ಅವು ಕೆಳಗುಳಿಯುತ್ತವೆ. "ಅಣ್ಣಾ, ಮಹಡಿ ಮೇಲಿಂದ ಒಂದ್ ಫೋಟೊ ತಗೊಳ್ಲಾ?" ಅಂದರೆ ಬಹುಪಾಲು ಒಪ್ಪುತ್ತಾರೆ. ಟ್ರೈಪಾಡ್ ಮಾತ್ರ ಬಿಚ್ಚಬೇಡಿ, ರಸ್ತೆ ಅಗಲ ಮಾಡಲು ಅಳತೆಗೆ ಬಂದವರೆಂಬ ಗುಮಾನಿ ಹುಟ್ಟುತ್ತದೆ.

ಜನರ ಫೋಟೊದ ಸುತ್ತಿನಲ್ಲಿ ಎಪಿಎಸ್‌ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾದಲ್ಲಿ 18 ಎಂಎಂ ಲೆನ್ಸ್, ಅಪರ್ಚರ್ ಎಫ್/8, ಫೋಕಸ್ ಕೈಯಿಂದ 2 ಮೀಟರ್‌ಗೆ. 1 ಮೀಟರ್‌ನಿಂದಾಚೆ ಎಲ್ಲವೂ ಸ್ಪಷ್ಟ, ಫೋಕಸ್ ಹುಡುಕುತ್ತಾ ಹಮಾಲಿ ದಾಟಿಹೋಗುವ ತಾಪತ್ರಯವಿಲ್ಲ. ಷಟರ್ ವೇಗ ನಡೆಯುವವರಿಗೆ 1/250 ಸೆಕೆಂಡು, ಓಡುವ ಕೈಗಾಡಿಗೆ 1/500. ಅಂಗಡಿಯೊಳಗೆ ಹೊಕ್ಕರೆ 1/100ಕ್ಕೆ ಇಳಿಸಿ, ಎಲೆಕ್ಟ್ರಾನಿಕ್ ಷಟರ್ ಆಫ್ ಮಾಡಿ. ಅಗ್ಗದ ಎಲ್‌ಇಡಿ ದೀಪ ಸೆಕೆಂಡಿಗೆ 100 ಸಲ ಮಿಣುಕುವುದರಿಂದ ಸೀರೆಗಳ ಮೇಲೆ ಅಡ್ಡ ಪಟ್ಟೆ ಬೀಳುತ್ತದೆ.

ಕೆ.ಆರ್. ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ತೊಂದರೆ ಬಣ್ಣದ್ದು. ಮೇಲ್ನೋಟಕ್ಕೆ ಚೆಂಡುಹೂವಿನ ರಾಶಿ ಸ್ಕ್ರೀನಿನಲ್ಲಿ ಚೆನ್ನಾಗಿಯೇ ಇರುತ್ತದೆ. ಮನೆಗೆ ಬಂದು ದೊಡ್ಡದು ಮಾಡಿದರೆ ಎಸಳುಗಳೇ ಇಲ್ಲ, ಕಿತ್ತಳೆ ಬಣ್ಣದ ಒಂದು ಮುದ್ದೆ. ಕೆಂಪು ಚಾನೆಲ್, ಅಂದರೆ ಚಿತ್ರದ ಕೆಂಪು ಬಣ್ಣದ ಪಾಲು, ಮೊದಲೇ ತುಂಬಿ ತುಳುಕಿರುತ್ತದೆ, ಬೆಳಕಿನ ಹಂಚಿಕೆ ತೋರಿಸುವ ಸಾಮಾನ್ಯ ಹಿಸ್ಟೋಗ್ರಾಮ್ ನಕ್ಷೆ ಅದನ್ನು ತೋರಿಸುವುದಿಲ್ಲ. ಮೂರು ಬಣ್ಣದ ಹಿಸ್ಟೋಗ್ರಾಮ್ ಇಟ್ಟು, ಕ್ಯಾಮೆರಾ ತಿದ್ದದ ರಾ ಫೈಲಿನಲ್ಲಿ, ಒಂದು ಸ್ಟಾಪ್ ಕಡಿಮೆ, ಅಂದರೆ ಅರ್ಧ ಬೆಳಕಿಗೆ, ತೆಗೆಯುತ್ತೇನೆ. ನೀಲಿ ಟಾರ್ಪಾಲಿನ್ ಕೆಳಗಾದರೆ ಅದೇ ಹೂವು ಹಸಿರುಗಟ್ಟುತ್ತದೆ. ಆಗ ಪಕ್ಕದ ಬುಟ್ಟಿಯ ಬಿಳಿ ಸೇವಂತಿಗೆ ಅದೇ ನೆರಳಿನಲ್ಲಿ ಒಂದು ಫ್ರೇಮಿಗೆ ಬಂದಿದ್ದರೆ ಸಾಕು, ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸಿಗೆ ಅದರ ಮೇಲೇ ಕ್ಲಿಕ್ ಮಾಡಬಹುದು.