ಎರಡು ರೆಕಾರ್ಡ್, ಒಂದೇ ಲಯ: ಹಿಪ್-ಹಾಪ್ ಡಿಜೆ ಸೆಟ್ ಕಟ್ಟುವ ಬಗೆ

1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಡ್ಜ್‌ವಿಕ್ ಅವೆನ್ಯೂ ಎಂಬ ವಸತಿ ಕಟ್ಟಡದಲ್ಲಿ ತಂಗಿ ಏರ್ಪಡಿಸಿದ್ದ ಕೂಟದಲ್ಲಿ ರೆಕಾರ್ಡ್ ನುಡಿಸಿದವರು, ಹಿಪ್-ಹಾಪ್‌ಗೆ ನಾಂದಿ ಹಾಡಿದವರೆಂದು ಹೆಸರಾದ ಡಿಜೆ ಕೂಲ್ ಹರ್ಕ್. ಕುಣಿಯುವವರು ಕಾಯುವುದು ಇಡೀ ಹಾಡಿಗಲ್ಲ, ಗಾಯನ ನಿಂತು ಡ್ರಮ್ ಮಾತ್ರ ಉಳಿಯುವ ‘ಬ್ರೇಕ್’ ಭಾಗಕ್ಕೆ ಎಂಬುದನ್ನು ಅವರು ಕಂಡುಕೊಂಡರು. ಒಂದೇ ರೆಕಾರ್ಡಿನ ಎರಡು ಪ್ರತಿಗಳಿಂದ ಆ ಕೆಲವು ಸೆಕೆಂಡುಗಳನ್ನು ನಿಮಿಷಗಟ್ಟಲೆ ಹಿಗ್ಗಿಸಿದರು. ಇಂದು ಕಲಿಯುವವರೂ ಬ್ರೇಕ್‌ನಿಂದಲೇ ತೊಡಗುವುದು ಒಳ್ಳೆಯದು.

ಮೊದಲು ಎಣಿಕೆ. ತಾಳದ ಒಂದೊಂದು ಬಡಿತವೂ ಒಂದು ಬೀಟ್, ನಾಲ್ಕು ಬೀಟಿಗೆ ಒಂದು ಬಾರ್. ರ‍್ಯಾಪ್ ಚರಣಗಳು ಹೆಚ್ಚಾಗಿ ಹದಿನಾರು ಬಾರ್, ಪಲ್ಲವಿ ಎಂಟು. ಯಂತ್ರ ಮುಟ್ಟುವ ಮೊದಲೇ, ಹಾಡು ಕೇಳುತ್ತ ಪ್ರತಿ ಬಾರಿನ ಒಂದನೇ ಬೀಟನ್ನು ತಪ್ಪದೆ ಹಿಡಿಯುವಷ್ಟು ಅಭ್ಯಾಸವಾಗಬೇಕು.

ಎರಡನೆಯದು ವೇಗ. ನಿಮಿಷಕ್ಕೆ 90 ಬೀಟಿನ ಹಾಡನ್ನು 93ರ ಹಾಡಿಗೆ ಹೊಂದಿಸಲು, ರೆಕಾರ್ಡಿನ ವೇಗ ಬದಲಿಸುವ ಪಿಚ್ ಪಟ್ಟಿಯನ್ನು ಸುಮಾರು ಶೇ 3.3ರಷ್ಟು ಏರಿಸಬೇಕು. ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಎಂಬ ಟರ್ನ್‌ಟೇಬಲ್ (ರೆಕಾರ್ಡ್ ತಿರುಗಿಸುವ ಯಂತ್ರ) ಶೇ 8ರವರೆಗೆ ಅವಕಾಶ ಕೊಡುತ್ತದೆ. ಆದರೆ ಅಷ್ಟು ದೂರ ಹೋದರೆ ಹಾಡುವವರ ದನಿಯೇ ಬದಲಾಗುವುದರಿಂದ, ವೇಗದಲ್ಲಿ ಹತ್ತಿರವಿರುವ ಹಾಡುಗಳನ್ನೇ ಆರಿಸುವುದು ಲೇಸು.

ಮೂರನೆಯದು ಬ್ರೇಕನ್ನು ಸುತ್ತಿಸುವುದು, ಅಂದರೆ ಎರಡು ಪ್ರತಿಗಳಿಂದ ಅದನ್ನೇ ಮತ್ತೆ ಮತ್ತೆ ನುಡಿಸುವುದು. ನಿಜವಾದ ಕೈಚಳಕ ಇರುವುದು ಇಲ್ಲಿ. ಹರ್ಕ್ ಅಂದಾಜಿನಿಂದ ರೆಕಾರ್ಡಿನ ಮೇಲೆ ಮುಳ್ಳು ಇಡುತ್ತಿದ್ದರೆ, ಬ್ರಾಂಕ್ಸ್‌ನ ಇನ್ನೊಬ್ಬ ಡಿಜೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಷ್ ರೆಕಾರ್ಡಿನ ಮೇಲೆ ಬಣ್ಣದ ಬಳಪದಿಂದ ಗುರುತು ಹಾಕಿ, ಗಡಿಯಾರದ ಮುಳ್ಳನ್ನು ನೋಡುವಂತೆ ಅದರ ಸುತ್ತುಗಳನ್ನು ಎಣಿಸಿದರು. ನಿಮಿಷಕ್ಕೆ 33⅓ ಸುತ್ತು ತಿರುಗುವ ರೆಕಾರ್ಡಿಗೆ ಒಂದು ಸುತ್ತಿಗೆ 1.8 ಸೆಕೆಂಡ್ ಬೇಕು. 100 ಬೀಟಿನ ವೇಗದಲ್ಲಿ ಎರಡು ಬಾರ್ ಎಂದರೆ 4.8 ಸೆಕೆಂಡ್. ಹಾಗಾಗಿ ಒಂದು ರೆಕಾರ್ಡ್ ನುಡಿಯುತ್ತಿರುವಾಗ ಇನ್ನೊಂದನ್ನು ಎರಡೂಮುಕ್ಕಾಲಿಗೆ ತುಸು ಕಡಿಮೆ ಸುತ್ತು ಹಿಂದಕ್ಕೆ ತಿರುಗಿಸಿ, ಹೆಡ್‌ಫೋನಿನ ಒಂದು ಕಿವಿಯಲ್ಲಿ ಆರಂಭದ ಬೀಟನ್ನು ಖಚಿತಪಡಿಸಿಕೊಂಡು, ಒಂದನೇ ಬೀಟಿಗೆ ಕೈ ಬಿಟ್ಟು, ದನಿಯನ್ನು ಒಂದು ರೆಕಾರ್ಡಿನಿಂದ ಇನ್ನೊಂದಕ್ಕೆ ದಾಟಿಸುವ ಕ್ರಾಸ್‌ಫೇಡರ್ ಪಟ್ಟಿಯನ್ನು ಸರಿಸಬೇಕು. ಟರ್ನ್‌ಟೇಬಲಿನ ತಟ್ಟೆಯ ಮೇಲೆ, ರೆಕಾರ್ಡಿನ ಅಡಿಯಲ್ಲಿ ಜಾರುವ ಸ್ಲಿಪ್‌ಮ್ಯಾಟ್ ಎಂಬ ಹಾಸು ಇಲ್ಲದೆ ಇದು ಸಾಧ್ಯವಾಗದು: ಕೈ ರೆಕಾರ್ಡನ್ನು ಹಿಡಿದಾಗಲೂ ಕೆಳಗಿನ ತಟ್ಟೆ ತಿರುಗುತ್ತಲೇ ಇರಬೇಕು. ಮೊದಲ ವಾರಗಳಲ್ಲಿ ಒಂದೇ ಬ್ರೇಕನ್ನು ಹಿಡಿದು, ಬೀಟು ಜಾರದೆ ಎರಡು ನಿಮಿಷ ನಡೆಸುವುದನ್ನೇ ಗುರಿಯಾಗಿಟ್ಟುಕೊಳ್ಳಿ.

ಬೇರೆ ಬೇರೆ ಹಾಡುಗಳನ್ನು ಬೆಸೆಯುವಾಗ ಎರಡು ಎಚ್ಚರಗಳು ಸಾಕು. ಇಬ್ಬರು ರ‍್ಯಾಪರ್‌ಗಳ ಮಾತು ಒಂದರ ಮೇಲೊಂದು ಬೀಳಬಾರದು. ಮಾತೇ ಪ್ರಾಣವಾದ ಸಂಗೀತದಲ್ಲಿ ಅದು ಇಬ್ಬರಿಗೂ ಮಾಡುವ ಅನ್ಯಾಯ. ಎರಡು ಹಾಡುಗಳ ಬಾಸ್‌ಗಳೂ (ತಗ್ಗು ಸ್ಥಾಯಿಯ ದಪ್ಪ ನಾದ) ಒಟ್ಟಿಗೆ ಮೊಳಗಬಾರದು. ಹೊಸ ಹಾಡಿನ ಬಾಸ್ ಪೂರ್ತಿ ತಗ್ಗಿಸಿ, ಹಳೆಯದರ ಪಲ್ಲವಿ ಮುಗಿಯುವ ಎಂಟು ಬಾರ್‌ಗಳ ಕೆಳಗೆ ಅದರ ಡ್ರಮ್ಮನ್ನು ಮೆಲ್ಲನೆ ತನ್ನಿ. ಎಂಟನೇ ಬಾರ್ ಮುಗಿದ ಕ್ಷಣಕ್ಕೆ ಒಂದು ಕೈ ಹಳೆಯ ಬಾಸನ್ನು ಇಳಿಸಲಿ, ಇನ್ನೊಂದು ಹೊಸದನ್ನು ಏರಿಸಲಿ.